ಇಂಧನ ಪೂರಕಗಳು ಮತ್ತು ಮೋಟಾರು ಎಂಜಿನ್

ಪುಣೆ ನಗರಕ್ಕೂ ಮೋಟಾರು ವಾಹನಕ್ಕೂ ನಿಕಟವಾದ ನಂಟಿದೆ. ನಗರಕ್ಕೆ ಹೊಂದಿಕೊಂಡಿರುವ ಪಿಂಪ್ರಿ, ಆಕುರ್ಡಿ ಮತ್ತು ಚಾಕಣ್ ಪ್ರದೇಶಗಳಲ್ಲಿ ಕಾರು, ಲಾರಿ ಹಾಗೂ ದ್ವಿಚಕ್ರ ವಾಹನಗಳ ಬೃಹತ್ ಕಾರ್ಖಾನೆಗಳಿವೆ. 1966ರಲ್ಲಿ ಸ್ಥಾಪನೆಗೊಂಡ ಭಾರತೀಯ ಮೋಟಾರು ವಾಹನ ಸಂಶೋಧನಾ ಸಂಘ, ಅಂದರೆ ಎ.ಆರ್.ಎ.ಐ., ಕೋಥ್ರೂಡ್ ಸಮೀಪದ ವೇತಾಳ ಗುಡ್ಡದ ಮೇಲಿದೆ. ಭಾರತದ ರಸ್ತೆಗಳಿಗೆ ಬರುವ ಹೊಸ ಮಾದರಿಯ ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಅಧಿಕಾರವುಳ್ಳ ಸಂಸ್ಥೆಗಳಲ್ಲಿ ಇದೂ ಒಂದು.

ಇದೇ ನಗರದ ಬಿಡಿಭಾಗಗಳ ಅಂಗಡಿಗಳಲ್ಲಿ, ದೇಶದ ಇತರ ನಗರಗಳಲ್ಲಿರುವಂತೆಯೇ, ಬಣ್ಣಬಣ್ಣದ ಸಣ್ಣ ಬಾಟಲಿಗಳು ಮಾರಾಟಕ್ಕಿರುತ್ತವೆ. ಟ್ಯಾಂಕಿಗೆ ಸುರಿದರೆ ಮೈಲೇಜ್ ಹೆಚ್ಚುವುದು, ಎಂಜಿನ್‌ನ ಶಕ್ತಿ ವೃದ್ಧಿಯಾಗುವುದು, ಹೊಗೆ ಕಡಿಮೆಯಾಗುವುದು ಎಂಬ ಭರವಸೆ ಅವುಗಳ ಮೇಲೆ ಮುದ್ರಿತವಾಗಿರುತ್ತದೆ. ಪೆಟ್ರೋಲಿನ ವೆಚ್ಚ ಕುಟುಂಬದ ತಿಂಗಳ ಆಯವ್ಯಯದಲ್ಲಿ ಗಣನೀಯ ಭಾಗವಾಗಿರುವಾಗ, ಇಂತಹ ಭರವಸೆ ವಾಹನ ಮಾಲೀಕರನ್ನು ಸೆಳೆಯುವುದು ಸಹಜ. ಆದರೆ ತಪ್ಪು ಪೂರಕದಿಂದ ಹಣದ ಜೊತೆಗೆ ಎಂಜಿನ್ನೂ ಹಾಳಾಗಬಹುದು. ಊರಿನ ಗಾಳಿಯೂ ಕೆಡಬಹುದು. ಆದುದರಿಂದ ಇಂಧನ ಪೂರಕ ಎಂದರೇನು, ಅದು ಯಾವ ಕೆಲಸ ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬುದನ್ನು ಪ್ರತಿಯೊಬ್ಬ ವಾಹನ ಮಾಲೀಕರೂ ತಿಳಿದಿರುವುದು ಅಗತ್ಯ.

ಎಂಜಿನ್ ಇಂಧನದಿಂದ ಬಯಸುವುದೇನು?

ಪೆಟ್ರೋಲ್ ಎಂಜಿನ್‌ನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಆ ಮಿಶ್ರಣ ಹೊತ್ತಿಕೊಂಡು, ಜ್ವಾಲೆಯು ಕ್ರಮವಾಗಿ ಹರಡಿ, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಒತ್ತಡ ಮತ್ತು ಶಾಖ ಮಿತಿಮೀರಿದಾಗ, ಜ್ವಾಲೆ ಇನ್ನೂ ತಲುಪದಿರುವ ಮೂಲೆಯ ಮಿಶ್ರಣವು ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ಆಗ ಎಂಜಿನ್‌ನಿಂದ ಲೋಹವನ್ನು ಬಡಿದಂತಹ ಸದ್ದು ಕೇಳಿಬರುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ಇದು ಮುಂದುವರಿದರೆ ಪಿಸ್ಟನ್ ಮತ್ತು ಬೇರಿಂಗುಗಳಿಗೆ ಹಾನಿಯಾಗುತ್ತದೆ.

ಇಂತಹ ಸಿಡಿತವನ್ನು ತಡೆದುಕೊಳ್ಳುವ ಇಂಧನದ ಗುಣವನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. 91 ಆಕ್ಟೇನ್ ಎಂದರೆ, 91 ಭಾಗ ಐಸೋ-ಆಕ್ಟೇನ್ ಮತ್ತು 9 ಭಾಗ ಹೆಪ್ಟೇನ್ ಬೆರೆಸಿದ ಪ್ರಮಾಣಿತ ದ್ರವವು ಸಿಡಿತವನ್ನು ಎಷ್ಟು ತಡೆಯುವುದೋ ಅಷ್ಟನ್ನು ಈ ಪೆಟ್ರೋಲೂ ತಡೆಯುತ್ತದೆ ಎಂದರ್ಥ. ಈ ಸಂಖ್ಯೆ ಪೆಟ್ರೋಲಿನಲ್ಲಿರುವ ಶಕ್ತಿಯ ಅಳತೆಯಲ್ಲ ಎಂಬುದನ್ನು ಗಮನಿಸಬೇಕು. 91 ಆಕ್ಟೇನ್‌ಗೆಂದು ರೂಪಿಸಿದ ಮತ್ತು ನಾಕಿಂಗ್ ಇಲ್ಲದೆ ಓಡುತ್ತಿರುವ ಎಂಜಿನ್‌ಗೆ ಅದಕ್ಕಿಂತ ಹೆಚ್ಚಿನ ಆಕ್ಟೇನ್‌ನ ಇಂಧನ ತುಂಬಿದ ಮಾತ್ರಕ್ಕೆ ಹೆಚ್ಚಿನ ಶಕ್ತಿ ಬರುವುದಿಲ್ಲ. ಇಂಡಿಯನ್ ಆಯಿಲ್ ಸಂಸ್ಥೆಯು 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್ ಪೆಟ್ರೋಲನ್ನು ಮೊದಲು ಮಾರಾಟಕ್ಕೆ ತಂದ ನಗರಗಳಲ್ಲಿ ಪುಣೆಯೂ ಒಂದು. ಅಂತಹ ಇಂಧನದ ಪೂರ್ಣ ಪ್ರಯೋಜನ ಪಡೆಯುವುದು ಅಧಿಕ ಒತ್ತಡದ ಎಂಜಿನ್‌ಗಳುಳ್ಳ ವಾಹನಗಳು ಮಾತ್ರ.

ಆಕ್ಟೇನ್‌ನಷ್ಟೇ ಮುಖ್ಯವಾದ ಇನ್ನೊಂದು ಅಂಶ ಶುಚಿತ್ವ. ಪೆಟ್ರೋಲಿನ ಕೆಲವು ಘಟಕಗಳು ಶಾಖಕ್ಕೆ ಸಿಕ್ಕು ಅಂಟಾಗಿ, ಕ್ರಮೇಣ ಮಸಿಯಾಗಿ ಗಟ್ಟಿಗೊಳ್ಳುತ್ತವೆ. ಇಂಧನವನ್ನು ಸಿಂಪಡಿಸುವ ಇಂಜೆಕ್ಟರ್‌ಗಳ ಸೂಕ್ಷ್ಮ ರಂಧ್ರಗಳಲ್ಲಿ ಈ ಮಸಿ ಕೂತರೆ ಸಿಂಪಡಣೆ ಕೆಡುತ್ತದೆ. ಕವಾಟಗಳ ಮೇಲೆ ಕೂತರೆ ಗಾಳಿಯ ಹರಿವಿಗೆ ಅಡ್ಡಿಯಾಗುತ್ತದೆ. ಎಂಜಿನ್ ತೊದಲುವುದು, ವೇಗ ಪಡೆಯಲು ತಡಮಾಡುವುದು, ಇಂಧನ ಹೆಚ್ಚು ಖರ್ಚಾಗುವುದು ಇದರ ಪರಿಣಾಮ.

ಪೂರಕಗಳ ಪ್ರಕಾರಗಳು

ಇಂಧನಕ್ಕೆ ಅತಿ ಸ್ವಲ್ಪ ಪ್ರಮಾಣದಲ್ಲಿ ಸೇರಿಸಿ ಅದರ ಒಂದು ನಿರ್ದಿಷ್ಟ ಗುಣವನ್ನು ಉತ್ತಮಪಡಿಸುವ ರಾಸಾಯನಿಕವೇ ಪೂರಕ. ಇದನ್ನೇ ಮಾರುಕಟ್ಟೆಯಲ್ಲಿ ಅಡಿಟಿವ್ ಎನ್ನುತ್ತಾರೆ. ಸಾಮಾನ್ಯವಾಗಿ ಹತ್ತು ಲಕ್ಷ ಭಾಗ ಇಂಧನಕ್ಕೆ ಕೆಲವು ನೂರು ಭಾಗದಷ್ಟು ಪೂರಕ ಸಾಕಾಗುತ್ತದೆ. ಪೂರಕಗಳಲ್ಲಿ ಮುಖ್ಯವಾದವು ಹೀಗಿವೆ:

ಅ) ಶುದ್ಧೀಕಾರಕಗಳು: ಪಾಲಿಐಸೋಬ್ಯೂಟಿನ್ ಅಮೀನ್ ಮತ್ತು ಪಾಲಿಈಥರ್ ಅಮೀನ್ ಎಂಬ ವರ್ಗದ ರಾಸಾಯನಿಕಗಳು ಇಂಜೆಕ್ಟರ್ ಹಾಗೂ ಕವಾಟಗಳ ಮೇಲೆ ಮಸಿ ಕೂರದಂತೆ ತಡೆಯುತ್ತವೆ; ಕೂತ ಮಸಿಯನ್ನು ಕ್ರಮೇಣ ಸಡಿಲಿಸುತ್ತವೆ. ಅಮೆರಿಕದಲ್ಲಿ 1995ರ ಜನವರಿಯಿಂದ ಎಲ್ಲ ಪೆಟ್ರೋಲಿನಲ್ಲೂ ಇಂತಹ ಪೂರಕ ಇರಬೇಕೆಂದು ಕಡ್ಡಾಯಗೊಳಿಸಲಾಯಿತು.

ಆ) ಆಕ್ಟೇನ್ ವರ್ಧಕಗಳು: ಇವು ನಾಕಿಂಗ್ ತಡೆಯುತ್ತವೆ. ಎಥನಾಲ್ ಈ ವರ್ಗದ ಪ್ರಮುಖ ವಸ್ತು. ಆದರೆ ಅದನ್ನು ಇತರ ಪೂರಕಗಳಂತೆ ಹನಿಲೆಕ್ಕದಲ್ಲಿ ಅಲ್ಲ, ಶೇಕಡಾವಾರು ಲೆಕ್ಕದಲ್ಲಿ ಬೆರೆಸಲಾಗುತ್ತದೆ.

ಇ) ಸೀಟೇನ್ ವರ್ಧಕಗಳು: ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಶಾಖಕ್ಕೇ ಇಂಧನ ಹೊತ್ತಿಕೊಳ್ಳಬೇಕು. ಅದು ತಡವಿಲ್ಲದೆ ಹೊತ್ತಿಕೊಳ್ಳಲು ಈ ಪೂರಕಗಳು ನೆರವಾಗುತ್ತವೆ.

ಈ) ರಕ್ಷಕಗಳು: ಟ್ಯಾಂಕು ಮತ್ತು ಕೊಳವೆಗಳು ತುಕ್ಕು ಹಿಡಿಯದಂತೆ, ಸಂಗ್ರಹದಲ್ಲಿರುವ ಇಂಧನ ಅಂಟಾಗದಂತೆ ಕಾಪಾಡುವವು ಇವು. ಡೀಸೆಲ್‌ನ ಜಾರುಗುಣವನ್ನು ಉಳಿಸುವ ಪೂರಕವೂ ಈ ಗುಂಪಿಗೆ ಸೇರುತ್ತದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಇಂಧನದಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರುವಂತಿಲ್ಲ. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ ತನ್ನ ಸಹಜ ಜಾರುಗುಣವನ್ನೂ ಕಳೆದುಕೊಳ್ಳುತ್ತದೆ. ಪಂಪು ಸವೆಯದಂತೆ ಅದನ್ನು ಪೂರಕದಿಂದ ಸರಿದೂಗಿಸಬೇಕಾಗುತ್ತದೆ.

ಹೀಗೆ ಪೆಟ್ರೋಲ್ ಬಂಕಿನಲ್ಲಿ ದೊರೆಯುವ ಇಂಧನಕ್ಕೆ ಅಗತ್ಯವಾದ ಪೂರಕಗಳನ್ನು ಸಂಸ್ಕರಣಾಗಾರ ಅಥವಾ ಡಿಪೋ ಹಂತದಲ್ಲೇ ಅಳತೆಗೆ ತಕ್ಕಂತೆ ಬೆರೆಸಲಾಗಿರುತ್ತದೆ. ಮಾಲೀಕರು ಬಾಟಲಿಯಿಂದ ಸುರಿಯುವುದು ಈಗಾಗಲೇ ಸಿದ್ಧಗೊಂಡ ಇಂಧನದ ಮೇಲೆ ಹಾಕುವ ಎರಡನೆಯ ಪದರ.

ಸೀಸ ಕಲಿಸಿದ ಪಾಠ

ಪೂರಕಗಳ ಚರಿತ್ರೆಯಲ್ಲಿ ಅತ್ಯಂತ ಪರಿಣಾಮಕಾರಿಯಾದ ವಸ್ತುವೇ ಅತ್ಯಂತ ಹಾನಿಕಾರಕವೂ ಆಗಿತ್ತು. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಡ್‌ಗ್ಲಿ ಅವರು, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡರು. ಅದು ಅಗ್ಗವಾಗಿತ್ತು, ಎಂಜಿನ್‌ನ ಕವಾಟಗಳನ್ನು ಸವೆತದಿಂದಲೂ ಕಾಪಾಡುತ್ತಿತ್ತು. 1923ರಲ್ಲಿ ಮಾರಾಟ ಆರಂಭವಾಯಿತು. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಮುಂದಿನ ಹಲವು ದಶಕಗಳ ಕಾಲ ಜಗತ್ತಿನ ವಾಹನಗಳು ಸೀಸವನ್ನು ಹೊಗೆಯ ಮೂಲಕ ಬೀದಿಬೀದಿಗೆ ಉಗುಳಿದವು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ.

ಭಾರತದಲ್ಲಿ 1994ರಲ್ಲಿ ನಾಲ್ಕು ಮಹಾನಗರಗಳಿಗೆ ಕಡಿಮೆ ಸೀಸದ ಪೆಟ್ರೋಲನ್ನು ಒದಗಿಸಲಾಯಿತು. 1995ರ ಏಪ್ರಿಲ್ 1ರಿಂದ ಅದೇ ನಗರಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಳವಡಿಸಿದ ಹೊಸ ಕಾರುಗಳಿಗಾಗಿ ಸೀಸರಹಿತ ಪೆಟ್ರೋಲ್ ಮಾರಾಟಕ್ಕೆ ಬಂದಿತು. 2000ದ ಫೆಬ್ರವರಿ 1ರಿಂದ ಪುಣೆ, ಬೆಂಗಳೂರು ಸೇರಿದಂತೆ ಇಡೀ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಉಳಿಯಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ದೇಶವು 2021ರ ಜುಲೈನಲ್ಲಿ ಕಾರುಗಳ ಪೆಟ್ರೋಲಿನಿಂದ ಸೀಸವನ್ನು ಕೈಬಿಟ್ಟಿತು.

ಈ ಪಾಠ ಸ್ಪಷ್ಟವಾಗಿದೆ. ಪೂರಕವೊಂದು ಎಂಜಿನ್‌ಗೆ ಒಳಿತು ಮಾಡುತ್ತದೆಯೇ ಎಂದು ಕೇಳಿದರೆ ಸಾಲದು. ಅದು ಹೊಗೆಯ ಕೊಳವೆಯಿಂದ ಹೊರಬಂದಾಗ ಏನಾಗುತ್ತದೆ ಎಂದೂ ಕೇಳಬೇಕು. ಕಬ್ಬಿಣ ಅಥವಾ ಮ್ಯಾಂಗನೀಸ್ ಇರುವ ಕೆಲವು ಆಕ್ಟೇನ್ ವರ್ಧಕಗಳು ಇಂದಿಗೂ ಜಗತ್ತಿನ ಮಾರುಕಟ್ಟೆಯಲ್ಲಿವೆ. ಇವು ನಾಕಿಂಗ್ ತಡೆಯುವುದು ನಿಜ. ಆದರೆ ಅವುಗಳ ಬೂದಿ ಸ್ಪಾರ್ಕ್ ಪ್ಲಗ್‌ನ ಮೇಲೆ ಕೆಂಪು ಅಥವಾ ಕಂದು ಪದರವಾಗಿ ಕೂರುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಮೇಲ್ಮೈಯನ್ನೂ ಮುಚ್ಚಬಲ್ಲದು.

ಎಥನಾಲ್: ಮಿರಜ್‌ನಿಂದ ಪುಣೆಗೆ

ಸೀಸವನ್ನು ಕೈಬಿಟ್ಟ ಬಳಿಕ ಭಾರತವು ಆಯ್ದುಕೊಂಡ ಪ್ರಮುಖ ಮಿಶ್ರಣ ವಸ್ತು ಎಥನಾಲ್. ಇದನ್ನು ಮುಖ್ಯವಾಗಿ ಕಬ್ಬಿನ ಕಾಕಂಬಿ, ಕಬ್ಬಿನ ರಸ ಮತ್ತು ಧಾನ್ಯಗಳಿಂದ ತಯಾರಿಸಲಾಗುತ್ತದೆ. 2001ರಲ್ಲಿ ಪ್ರಾಯೋಗಿಕವಾಗಿ ಶೇಕಡಾ 5ರ ಮಿಶ್ರಣ ನಡೆದ ಮೂರು ಸ್ಥಳಗಳ ಪೈಕಿ ಎರಡು ಮಹಾರಾಷ್ಟ್ರದಲ್ಲಿದ್ದವು: ಮನಮಾಡ್ ಮತ್ತು ಮಿರಜ್. ಪುಣೆ-ಬೆಳಗಾವಿ ರೈಲುಮಾರ್ಗದ ಜಂಕ್ಷನ್ ಆದ ಮಿರಜ್, ಕನ್ನಡವೂ ಕೇಳಿಬರುವ ಗಡಿಭಾಗದ ಊರು. ಅದರ ಸುತ್ತಲಿನದು ಕಬ್ಬಿನ ಸೀಮೆ. 2003ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಸೇರಿದಂತೆ ಒಂಬತ್ತು ರಾಜ್ಯಗಳಿಗೂ ನಾಲ್ಕು ಕೇಂದ್ರಾಡಳಿತ ಪ್ರದೇಶಗಳಿಗೂ ಈ ಮಿಶ್ರಣವನ್ನು ವಿಸ್ತರಿಸಲಾಯಿತು.

2021ರ ಜೂನ್ 5ರಂದು, ವಿಶ್ವ ಪರಿಸರ ದಿನದಂದು, ಶುದ್ಧ ಎಥನಾಲನ್ನೇ ಇಂಧನವಾಗಿ ವಿತರಿಸುವ ಪ್ರಾಯೋಗಿಕ ಯೋಜನೆಗೆ ಪುಣೆಯ ಮೂರು ಕೇಂದ್ರಗಳಲ್ಲಿ ಚಾಲನೆ ದೊರೆಯಿತು. ಎಥನಾಲ್ ಮಿಶ್ರಣದ ಮಾರ್ಗಸೂಚಿ ವರದಿಯೂ ಅದೇ ದಿನ ಬಿಡುಗಡೆಯಾಯಿತು. 2022ರ ಜೂನ್‌ನಲ್ಲಿ ದೇಶದ ಸರಾಸರಿ ಮಿಶ್ರಣ ಶೇಕಡಾ 10ನ್ನು ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡಾ 20ರ ಮಿಶ್ರಣದ, ಅಂದರೆ ಇ-20 ಪೆಟ್ರೋಲಿನ ಮಾರಾಟ ಆರಂಭಗೊಂಡಿತು. 2025ರಲ್ಲಿ ದೇಶದ ಸರಾಸರಿಯೇ ಶೇಕಡಾ 20ನ್ನು ತಲುಪಿತು.

ಎಥನಾಲ್‌ನ ಆಕ್ಟೇನ್ ಸಂಖ್ಯೆ ಸುಮಾರು 108. ಅದು ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರಿಕೊಂಡು ಮಿಶ್ರಣವನ್ನು ತಂಪುಗೊಳಿಸುತ್ತದೆ. ಹೀಗಾಗಿ ನಾಕಿಂಗ್ ತಡೆಯುವಲ್ಲಿ ಅದು ಸೀಸದ ಕೆಲಸವನ್ನು ವಿಷವಿಲ್ಲದೆ ಮಾಡುತ್ತದೆ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದರ ಮೂರನೆಯ ಎರಡು ಭಾಗ ಮಾತ್ರ. ಐದನೆಯ ಒಂದು ಭಾಗ ಎಥನಾಲ್ ಇರುವ ಮಿಶ್ರಣದಲ್ಲಿ ಲೀಟರೊಂದಕ್ಕೆ ಶೇಕಡಾ 6ರಿಂದ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ ಇ-10 ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ-20 ಬಳಸಿದರೆ ಇಂಧನ ಕ್ಷಮತೆ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದೂ, ಇ-10ಕ್ಕೆಂದೇ ರೂಪಿಸಿ ಇ-20ಕ್ಕೆ ಹೊಂದಿಸಿದ ವಾಹನಗಳಲ್ಲಿ ಈ ಇಳಿಕೆ ಶೇಕಡಾ 1ರಿಂದ 2 ಮಾತ್ರವೆಂದೂ 2021ರ ಮಾರ್ಗಸೂಚಿ ವರದಿ ಅಂದಾಜು ಮಾಡಿತು. ಎಥನಾಲ್‌ನ ಅಧಿಕ ಆಕ್ಟೇನ್‌ಗೆ ತಕ್ಕಂತೆ ಎಂಜಿನ್ನಿನ ಒತ್ತಡವನ್ನು ಹೆಚ್ಚಿಸಿ ರೂಪಿಸಿದಾಗ ನಷ್ಟದ ಬಹುಭಾಗವನ್ನು ಮರಳಿ ಪಡೆಯಬಹುದು. ಹಳೆಯ ವಾಹನಗಳ ಕೆಲವು ರಬ್ಬರ್ ಕೊಳವೆ ಹಾಗೂ ಗ್ಯಾಸ್ಕೆಟ್‌ಗಳನ್ನು ಎಥನಾಲ್ ಮೆದುಗೊಳಿಸಬಹುದಾದ ಕಾರಣ, ಅವುಗಳನ್ನು ಸರ್ವಿಸ್ ವೇಳೆ ಪರೀಕ್ಷಿಸಿ ಬದಲಾಯಿಸುವುದು ಸೂಕ್ತ.

ಎಥನಾಲ್ ನೀರನ್ನು ಸೆಳೆಯುವ ಗುಣವುಳ್ಳದ್ದು. ಮಿಶ್ರಣಕ್ಕೆ ಮಿತಿಮೀರಿ ನೀರು ಸೇರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಪುಣೆ, ಬೆಳಗಾವಿಯಂತಹ ಊರುಗಳಲ್ಲಿ ಟ್ಯಾಂಕಿನ ಮುಚ್ಚಳ ಭದ್ರವಾಗಿರುವುದು ಮುಖ್ಯ. ಹೀಗೆ ಬೇರ್ಪಟ್ಟ ಇಂಧನವನ್ನು ಬಾಟಲಿಯ ಪೂರಕದಿಂದ ಸರಿಪಡಿಸಲಾಗದು. ಟ್ಯಾಂಕನ್ನು ಖಾಲಿಮಾಡಿಸುವುದೊಂದೇ ದಾರಿ.

ಭರವಸೆಗಳನ್ನು ಪರೀಕ್ಷಿಸುವ ಬಗೆ

ಪೂರಕ ಬಳಸಿದ ಹಲವರು ಮೈಲೇಜ್ ಹೆಚ್ಚಿತೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ರಸ್ತೆಯ ಅನುಭವ ಸುಲಭವಾಗಿ ದಾರಿ ತಪ್ಪಿಸಬಲ್ಲದು. ಪುಣೆ ನಗರ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಮುಂಬಯಿಗೆ ಹೊರಟ ಕಾರು ಖಂಡಾಲಾ ಘಟ್ಟವನ್ನು ಇಳಿಯುತ್ತದೆ. ಹಿಂತಿರುಗುವಾಗ ಅದನ್ನೇ ಏರಬೇಕು. ಹೊರಡುವ ಮುನ್ನ ಪೂರಕ ಸುರಿದವರು ಹೋಗುವ ದಾರಿಯ ಲೆಕ್ಕವನ್ನಷ್ಟೇ ನೋಡಿದರೆ, ಘಟ್ಟದ ಇಳಿಜಾರು ಉಳಿಸಿದ ಪೆಟ್ರೋಲಿನ ಕೀರ್ತಿ ಬಾಟಲಿಗೆ ಸಲ್ಲುತ್ತದೆ. ಗಾಳಿಯ ದಿಕ್ಕು, ವಾಹನ ಸಂಚಾರದ ದಟ್ಟಣೆ, ಏರ್ ಕಂಡಿಷನರ್, ಟೈರಿನ ಒತ್ತಡ, ಟ್ಯಾಂಕನ್ನು ತುಂಬಿದ ಮಟ್ಟ, ಇವೆಲ್ಲವೂ ಲೆಕ್ಕವನ್ನು ಏರುಪೇರು ಮಾಡುತ್ತವೆ. ಪೂರಕ ಹಾಕಿದ ಚಾಲಕರು ತಮಗರಿವಿಲ್ಲದೆಯೇ ನಿಧಾನವಾಗಿ ಓಡಿಸುವುದೂ ಉಂಟು.

ಪ್ರಯೋಗಾಲಯದಲ್ಲಿ ಈ ಎಲ್ಲ ಅಂಶಗಳನ್ನು ಹತೋಟಿಯಲ್ಲಿಡಲಾಗುತ್ತದೆ. ಎ.ಆರ್.ಎ.ಐ.ಯಂತಹ ಸಂಸ್ಥೆಗಳಲ್ಲಿ ವಾಹನವನ್ನು ನಿಗದಿತ ಉಷ್ಣಾಂಶದ ಕೋಣೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಬಳಿಕ ಅದರ ಚಕ್ರಗಳನ್ನು ಡೈನಮೋಮೀಟರ್ ಎಂಬ ಉರುಳೆಗಳ ಮೇಲಿರಿಸಿ, ನಿಗದಿತ ಚಾಲನಾ ಆವರ್ತದಂತೆ ಓಡಿಸುತ್ತಾರೆ. ವೇಗ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಎಲ್ಲವೂ ಪ್ರತಿ ಬಾರಿಯೂ ಒಂದೇ ತೆರನಾಗಿರುತ್ತದೆ. ಹೊಗೆಯನ್ನು ಚೀಲಗಳಲ್ಲಿ ಸಂಗ್ರಹಿಸಿ, ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಖರ್ಚಾದ ಇಂಧನವನ್ನು ಲೆಕ್ಕಹಾಕುತ್ತಾರೆ. ಪೂರಕವಿಲ್ಲದೆ ಮತ್ತು ಪೂರಕದೊಡನೆ ಹಲವು ಬಾರಿ ಓಡಿಸಿ, ಪರೀಕ್ಷೆಯ ಸಹಜ ಏರಿಳಿತವನ್ನು ಮೀರಿದ ವ್ಯತ್ಯಾಸ ಕಂಡುಬಂದರೆ ಮಾತ್ರ ಅದನ್ನು ಪೂರಕದ ಫಲವೆಂದು ಒಪ್ಪಬಹುದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುತ್ತವೆಂದು ಹೇಳಲಾದ ನೂರಕ್ಕೂ ಹೆಚ್ಚು ಉತ್ಪನ್ನಗಳನ್ನು ಪರಿಶೀಲಿಸಿ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಯಾವುದನ್ನೂ ಕಾಣಲಿಲ್ಲ. ಕೆಲವು ಎಂಜಿನ್‌ಗೆ ಹಾನಿ ಮಾಡಬಹುದೆಂದೂ, ಮಾಲಿನ್ಯವನ್ನು ಹೆಚ್ಚಿಸಬಹುದೆಂದೂ ಅದು ಎಚ್ಚರಿಸಿದೆ.

ಬಾಟಲಿಯಿಂದ ಪ್ರಯೋಜನವುಂಟೇ?

ಹಾಗೆಂದು ಎಲ್ಲ ಬಾಟಲಿಗಳೂ ನಿಷ್ಪ್ರಯೋಜಕವೆಂದಲ್ಲ. ಇಂಜೆಕ್ಟರ್‌ಗಳಲ್ಲಿ ಮಸಿ ಕೂತು ತೊದಲುತ್ತಿರುವ ಎಂಜಿನ್‌ಗೆ ಉತ್ತಮ ಶುದ್ಧೀಕಾರಕವು ಕಳೆದುಹೋದ ಕ್ಷಮತೆಯನ್ನು ಮರಳಿ ಕೊಡಬಲ್ಲದು. ಆದರೆ ಶುಚಿಯಾಗಿರುವ ಎಂಜಿನ್‌ಗೆ ಅದರಿಂದ ಹೊಸ ಶಕ್ತಿ ಬರುವುದಿಲ್ಲ. ಜ್ವರ ಇಳಿಸುವ ಮದ್ದು ಜ್ವರವಿಲ್ಲದವರ ಬಲವನ್ನು ಹೆಚ್ಚಿಸದು, ಇದೂ ಹಾಗೆಯೇ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಹೊಸ ಬಗೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲು ಒಳಹರಿವಿನ ಕವಾಟಗಳನ್ನು ಮುಟ್ಟುವುದೇ ಇಲ್ಲ. ಅಲ್ಲಿ ಕೂತ ಮಸಿಯನ್ನು ಟ್ಯಾಂಕಿಗೆ ಸುರಿದ ಯಾವ ಪೂರಕವೂ ತೊಳೆಯಲಾರದು.

ವೆಚ್ಚದ ಲೆಕ್ಕವನ್ನೂ ನೋಡಬೇಕು. ತಿಂಗಳಿಗೆ 1000 ಕಿಲೋಮೀಟರ್ ಓಡುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರೊಂದಕ್ಕೆ ಸುಮಾರು 67 ಲೀಟರ್ ಪೆಟ್ರೋಲ್ ಬೇಕು. ಪೂರಕದಿಂದ ಮೈಲೇಜ್ ಶೇಕಡಾ 2ರಷ್ಟು ಹೆಚ್ಚಿತೆಂದೇ ಭಾವಿಸಿದರೂ ಉಳಿತಾಯ 1.3 ಲೀಟರ್. ಆ ತಿಂಗಳು ಬಳಸಿದ ಪೂರಕದ ಬೆಲೆ ಇಷ್ಟು ಪೆಟ್ರೋಲಿನ ಬೆಲೆಗಿಂತ ಹೆಚ್ಚಾಗಿದ್ದರೆ ಅದು ಉಳಿತಾಯವಲ್ಲ, ಖರ್ಚು.

ವಾಹನ ಮಾಲೀಕರು ಗಮನಿಸಬೇಕಾದ ಅಂಶಗಳು

1. ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಆಕ್ಟೇನ್ ಮತ್ತು ಎಥನಾಲ್ ಮಿಶ್ರಣದ ಇಂಧನವನ್ನೇ ಬಳಸಬೇಕು. ಶುದ್ಧ ಎಥನಾಲ್ ಇಂಧನವು ಅದಕ್ಕೆಂದೇ ರೂಪಿಸಿದ ವಾಹನಗಳಿಗೆ ಮಾತ್ರ ಯೋಗ್ಯ.

2. ತಯಾರಕರು ಒಪ್ಪದ ಪೂರಕದಿಂದಾದ ಹಾನಿಗೆ ವಾರಂಟಿ ದೊರೆಯದೇ ಹೋಗಬಹುದು. ಖರೀದಿಗೆ ಮುನ್ನ ಕೈಪಿಡಿಯನ್ನು ಓದಬೇಕು.

3. ಪೂರಕದ ಮಾರಾಟಗಾರರಿಂದ ಪರೀಕ್ಷಾ ವರದಿಯನ್ನು ಕೇಳಬೇಕು. ಪರೀಕ್ಷೆ ಯಾವ ಸಂಸ್ಥೆಯಲ್ಲಿ, ಯಾವ ವಾಹನದ ಮೇಲೆ ನಡೆಯಿತು, ಮಾಲಿನ್ಯವನ್ನೂ ಅಳೆಯಲಾಯಿತೇ ಎಂಬುದನ್ನು ಗಮನಿಸಬೇಕು. ಬಳಕೆದಾರರ ಪ್ರಶಂಸಾಪತ್ರ ಪರೀಕ್ಷಾ ವರದಿಯಲ್ಲ.

4. ಬಾಟಲಿಯ ಮೇಲೆ ಸೂಚಿಸಿದ ಪ್ರಮಾಣವನ್ನು ಮೀರಬಾರದು. ಎರಡು ಬಗೆಯ ಪೂರಕಗಳನ್ನು ಒಟ್ಟಿಗೆ ಸುರಿಯಬಾರದು.

5. ಎಂಜಿನ್ ಏಕಾಏಕಿ ಕೆಟ್ಟರೆ ಪೂರಕವನ್ನು ಹುಡುಕುವ ಮೊದಲು ಕಲಬೆರಕೆಯನ್ನು ಶಂಕಿಸಬೇಕು. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆಯನ್ನು ಕೇಳುವ ಹಕ್ಕು ಗ್ರಾಹಕರಿಗಿದೆ. ಕಾಗದದ ಮೇಲೆ ಬಿದ್ದ ಪೆಟ್ರೋಲಿನ ಹನಿ ಸುಮಾರು ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ಸಾಂದ್ರತೆಯ ಪರೀಕ್ಷೆಯನ್ನೂ, 5 ಲೀಟರ್ ಅಳತೆಪಾತ್ರೆಯಿಂದ ಪ್ರಮಾಣದ ಪರೀಕ್ಷೆಯನ್ನೂ ಕೇಳಬಹುದು.

6. ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಶುಚಿಯಾಗಿಟ್ಟು, ಎಂಜಿನ್ ಆಯಿಲನ್ನು ಸಕಾಲದಲ್ಲಿ ಬದಲಾಯಿಸಿ, ಟೈರುಗಳಲ್ಲಿ ಸರಿಯಾದ ಗಾಳಿಯಿರುವಂತೆ ನೋಡಿಕೊಳ್ಳಬೇಕು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗವು ಮಿತವ್ಯಯಕರವೆಂದು 1978ರಲ್ಲಿ ಸ್ಥಾಪನೆಗೊಂಡ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಸಲಹೆ ನೀಡುತ್ತ ಬಂದಿದೆ.

ಪೂರಕಗಳು ನಿಜವಾಗಿ ನೆರವಾಗಿರುವುದು ಇಂಧನ ಸಿದ್ಧಗೊಳ್ಳುವ ಹಂತದಲ್ಲಿ, ಅಳತೆಯ ಪ್ರಕಾರ, ಪರೀಕ್ಷೆಯ ಬಳಿಕ ಬೆರೆಸಿದಾಗ. ಸೀಸವನ್ನು ಬೆರೆಸುವ ಮೊದಲು ಅದರ ಹೊಗೆಯನ್ನೂ ಪರೀಕ್ಷಿಸಿದ್ದರೆ ಹಲವು ತಲೆಮಾರುಗಳ ಮಕ್ಕಳು ಆ ವಿಷವನ್ನು ಉಸಿರಾಡಬೇಕಾಗಿ ಬರುತ್ತಿರಲಿಲ್ಲ. ಎಂಜಿನ್‌ನ ಬಲ, ಮಾಲೀಕರ ಹಣ ಮತ್ತು ಊರಿನ ಗಾಳಿ, ಈ ಮೂರನ್ನೂ ಒಟ್ಟಿಗೆ ಕಾಪಾಡುವ ಪೂರಕವೇ ಬಳಕೆಗೆ ಯೋಗ್ಯವಾದುದು.